ಮೂಲ ಎಂಬ ಕಾಲಂ

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ನನ್ನ ಕೀಲಿ ಸತ್ತಿತು.

ಹೆಬ್ಬೆರಳಿನಷ್ಟು ಉದ್ದದ ಕಪ್ಪು ಕೀಲಿ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ನಮ್ಮ ವಿದ್ಯುತ್ ಯೋಜನಾ ವಿಭಾಗದ ದುಬಾರಿ ತಂತ್ರಾಂಶ ಕಣ್ಣು ಬಿಡುತ್ತಿತ್ತು. ಮುಂದಿನ ಹತ್ತು ವರ್ಷ ಎಲ್ಲಿ ಲೈನ್ ಎಳೆಯಬೇಕು, ಯಾವ ಊರಿಗೆ ಟ್ರಾನ್ಸ್‌ಫಾರ್ಮರ್ ಕೊಡಬೇಕು ಎಂದು ಈ ಇಡೀ ಸೀಮೆಗೆ ಅಪ್ಪಣೆ ಕೊಡಿಸುತ್ತಿದ್ದದ್ದು ಅದೇ. ಹತ್ತೊಂಬತ್ತು ವರ್ಷ ಅದನ್ನು ಮನೆ ಬೀಗದ ಕೈಗಳ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ. ಕಚೇರಿಯಲ್ಲಿ ನನಗೆ ಕೀಲಿರಾಯ ಎಂದು ಹೆಸರು. ಬೆನ್ನ ಹಿಂದೆ ಹೇಳುತ್ತಾರೆ. ಎದುರಿಗೇ ಹೇಳಿದ್ದರೂ ನನಗೇನೂ ಬೇಜಾರಿರಲಿಲ್ಲ.

ಇವತ್ತು ಚುಚ್ಚಿದರೆ ‘ಪರವಾನಗಿ ಮುಗಿದಿದೆ’ ಎಂದು ಬಂತು. ಅಂಗಿಯ ತುದಿಯಲ್ಲಿ ಒರೆಸಿ ಚುಚ್ಚಿದೆ. ಊದಿ ಚುಚ್ಚಿದೆ. ಕೊನೆಗೆ ಸಾಹೇಬರ ಕೋಣೆಗೆ ಹೋದೆ.

“ನವೀಕರಣ ಮಾಡ್ಸಲ್ಲ ರೀ,” ಎಂದರು. “ಪುಕ್ಕಟೆ ಸಿಗೋದು ಇರುವಾಗ ದುಡ್ಡು ಯಾಕೆ ಅಂತ ಮೇಲಿನವರು ಕೇಳ್ತಿದ್ದಾರೆ. ನಿಮಗೆ ಒಬ್ಬರನ್ನ ಕೊಡ್ತೀನಿ, ಕಲ್ಸಿ ಕೊಡ್ತಾರೆ.”

ಐವತ್ತೇಳನೇ ವಯಸ್ಸಿಗೆ ನನಗೆ ಕಲಿಸಿ ಕೊಡುತ್ತಾರಂತೆ.

ಬಿಪಿ ನೋಡುವ ಡಾಕ್ಟರು ಹೋದ ವಾರ ಹೇಳಿದ್ದರು, ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಳ್ಳುವ ಬದಲು ಒಂದು ಪುಸ್ತಕದಲ್ಲಿ ಬರೆಯಿರಿ, ಮಾತ್ರೆ ಅರ್ಧ ಮಾಡಬಹುದು ಎಂದು. ಹೆಂಡತಿ ಇನ್ನೂರು ಪುಟದ ಪುಸ್ತಕ ತಂದಿಟ್ಟಿದ್ದಾಳೆ. ನೂರು ಪುಟದ್ದು ಸಾಕಿತ್ತು ಎಂದೆ. “ನಿಮ್ಮನ್ನ ನಾನು ಇವತ್ತು ನೋಡ್ತಿದೀನಾ?” ಎಂದಳು.

ಮಾರ್ಚ್ 5, ಬುಧವಾರ

ಕಲಿಸುವವಳು ಬಂದಳು. ಯಾವುದೋ ಕಾಲೇಜಿನಿಂದ ಎರಡು ವರ್ಷಕ್ಕೆ ಎರವಲು ಬಂದಿದ್ದಾಳೆ. ವಯಸ್ಸು ಮೂವತ್ತೈದರ ಹತ್ತಿರ. ನೀರು ಕುಡಿಯುವುದನ್ನೂ ಪಾಠ ಮಾಡಿದ ಹಾಗೆ ಹೇಳುತ್ತಾಳೆ. ಪಾಠದಮ್ಮ ಎಂದು ಹೆಸರಿಟ್ಟಿದ್ದೇನೆ. ಮಧ್ಯಾಹ್ನದೊಳಗೆ ಇಡೀ ಮಹಡಿಗೆ ಆ ಹೆಸರು ಹಬ್ಬಿತು. ಈ ಕಚೇರಿಯಲ್ಲಿ ಅಷ್ಟು ಬೇಗ ಸಾಗಿದ ಕಡತ ಇನ್ನೊಂದಿಲ್ಲ.

“ಈ ತಂತ್ರಾಂಶ ಯಾರದ್ದು?” ಎಂದೆ.

“ಯಾರದ್ದೂ ಅಲ್ಲ ಸರ್, ಎಲ್ಲರದ್ದೂ. ಒಳಗೆ ಏನು ಲೆಕ್ಕ ನಡೀತಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡ್ಬಹುದು.”

ಬಸ್ ನಿಲ್ದಾಣದ ಬೆಂಚೂ ಯಾರದ್ದೂ ಅಲ್ಲ, ಎಲ್ಲರದ್ದೂ. ಅದರ ಮೇಲೆ ಕೂತು ಎದ್ದವರ ಪ್ಯಾಂಟಿನ ಗತಿ ನನಗೆ ಗೊತ್ತು.

ತಮಾಷೆ ಆದದ್ದು ಸ್ಟೋರ್ಸಿನಲ್ಲಿ. ಬಿಲ್ಲಿಲ್ಲದ ಸಾಮಾನನ್ನು ಒಳಗೆ ತೆಗೆದುಕೊಳ್ಳುವುದಿಲ್ಲ ಎಂದು ಸ್ಟೋರ್‌ಕೀಪರ್ ಪಟ್ಟು ಹಿಡಿದ. ಸಾಹೇಬರು ನಿಯಮದ ಪುಸ್ತಕ ತೆರೆದು, ಪುಕ್ಕಟೆಯಾದರೂ ಮೂರು ಕೊಟೇಶನ್ ಬೇಕೇ ಬೇಕು ಎಂದರು. ಪಾಠದಮ್ಮ ಮುಖ ಸಿಂಡರಿಸದೆ ಇಂಥವೇ ಮೂರು ಮುಕ್ತ ತಂತ್ರಾಂಶಗಳ ಹೆಸರು ಬರೆದು, ಮೂರರ ಮುಂದೆಯೂ ಸೊನ್ನೆ ಹಾಕಿ ತಂದಳು. ಮೂರರಲ್ಲಿ ಕಡಿಮೆ ಯಾವುದು ಎಂದು ತೀರ್ಮಾನಿಸಲು ಐದು ಜನರ ಸಮಿತಿ ನಲವತ್ತು ನಿಮಿಷ ಕೂತಿತು. ಎರಡು ಸುತ್ತು ಚಹಾ ಆಯಿತು.

ಮಾರ್ಚ್ 11, ಮಂಗಳವಾರ

ಅಕ್ಕ ಫೋನ್ ಮಾಡಿದ್ದಳು. ಅಕ್ಕನಿಗೆ ಹಿಟ್ಟಿನ ಗಿರಣಿ ಇದೆ, ಇಲ್ಲಿಂದ ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಲ್ಲಿ. ನಮ್ಮ ನಕ್ಷೆಯಲ್ಲಿ ಅದು ವಲಯ ಹನ್ನೊಂದು, ಲೈನು ಮುಗಿಯುವ ಜಾಗ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ನಾನು ಕರೆಂಟಿನ ಕಚೇರಿ ಸೇರಿದ ದಿನ ಬಂದ ಗಿರಾಕಿಗಳಿಗೆಲ್ಲ ಪುಕ್ಕಟೆ ಬೀಸಿ ಕೊಟ್ಟಿದ್ದಳಂತೆ. ಆಮೇಲೆ ಅವಳಿಗೆ ಸರಿಯಾಗಿ ಕರೆಂಟೇ ಬರಲಿಲ್ಲ.

“ಬೆಳಿಗ್ಗೆ ಆರಕ್ಕೆ ಹೋದದ್ದು ಹನ್ನೊಂದಕ್ಕೆ ಬಂತು ಕಣೋ. ಎರಡಕ್ಕೆ ಮತ್ತೆ ಹೋಯ್ತು. ಬರ್ದಿಟ್ಟಿದೀನಿ, ಓದ್ಲಾ?”

ಅವಳ ಹತ್ತಿರ ಒಂದು ಪುಸ್ತಕ ಇದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಆಗ ಗಿರಣಿ ಮುಂದೆ ಎಷ್ಟು ಡಬ್ಬಿ ಸಾಲಿನಲ್ಲಿದ್ದವು, ಎಲ್ಲ ಬರೆಯುತ್ತಾಳೆ. ಯಾರ ಡಬ್ಬಿ ಮೊದಲು ಎಂಬ ಜಗಳ ತಪ್ಪಿಸಲು ಶುರು ಮಾಡಿದ್ದು, ಈಗ ನನ್ನ ಜೀವ ತಿನ್ನಲು ಉಪಯೋಗವಾಗುತ್ತಿದೆ.

“ಅಕ್ಕ, ನಿಮ್ಮ ಕಡೆ ಬೇಡಿಕೆ ಕಡಿಮೆ. ಯೋಜನೆಯಲ್ಲೇ ಹಾಗಿದೆ. ನಾನೇನು ಮಾಡ್ಲಿ?”

“ಯೋಜನೆ ಮಾಡೋನು ನೀನೇ ಅಲ್ವೇನೋ?”

“ನಾನಲ್ಲ. ಕಂಪ್ಯೂಟರ್ ಮಾಡೋದು.”

ಹತ್ತೊಂಬತ್ತು ವರ್ಷದಿಂದ ಇದೇ ಮಾತು.

ಮಾರ್ಚ್ 14, ಶುಕ್ರವಾರ

ಹಳೆಯ ಅಂಕಿಗಳನ್ನೆಲ್ಲ ಹೊಸದಕ್ಕೆ ಸುರಿಯುತ್ತಿದ್ದೇವೆ. ಪ್ರತಿ ವಲಯಕ್ಕೆ, ದಿನದ ಪ್ರತಿ ಗಂಟೆಗೆ ಎಷ್ಟು ಕರೆಂಟಿನ ಬೇಡಿಕೆ ಎಂಬ ಸಾಲುಗಳು. ಪಾಠದಮ್ಮ ಪ್ರತಿ ಸಾಲಿನ ಪಕ್ಕ ಒಂದು ಕಾಲಂ ಇಟ್ಟಿದ್ದಾಳೆ. ತಲೆಬರಹ: ಮೂಲ. ಈ ಅಂಕಿ ಎಲ್ಲಿಂದ ಬಂತು ಎಂದು ಅಲ್ಲಿ ಬರೆಯಬೇಕಂತೆ.

ಹಳೆಯ ತಂತ್ರಾಂಶಕ್ಕೆ ಇಂಥ ಕೆಟ್ಟ ಕುತೂಹಲ ಇರಲಿಲ್ಲ. ಕೊಟ್ಟದ್ದನ್ನು ನುಂಗಿ ಬಣ್ಣದ ನಕ್ಷೆ ಕಕ್ಕುತ್ತಿತ್ತು.

ನಾನು ಎಲ್ಲ ಸಾಲುಗಳಿಗೂ ‘ಅನುಭವ’ ಎಂದು ತುಂಬಿಸಿದೆ. ಕಂಪ್ಯೂಟರ್ ಒಪ್ಪಿತು. ಪಾಠದಮ್ಮ ಒಪ್ಪಲಿಲ್ಲ.

“ಯಾರ ಅನುಭವ ಸರ್?”

“ನಂದು.”

“ಹಾಗಿದ್ರೆ ನಿಮ್ಮ ಹೆಸರು ಬರೀರಿ.”

ಬರೆಯಲಿಲ್ಲ. ಇವತ್ತು ಬಿಪಿ ಮಾತ್ರೆ ಒಂದಲ್ಲ, ಒಂದೂವರೆ.

ಮಾರ್ಚ್ 19, ಬುಧವಾರ

ಮೊದಲ ಫಲಿತಾಂಶ ಬಂತು. ಇಡೀ ಸೀಮೆಗೆ ಅತಿ ಅಗ್ಗದ ಯೋಜನೆ ಯಾವುದು ಎಂದು ಕಂಡುಹಿಡಿಯುವುದೇ ಇದರ ಕೆಲಸ. ಕಂಡುಹಿಡಿಯಿತು. ವಲಯ ಹನ್ನೊಂದಕ್ಕೆ ಹೊಸದೇನೂ ಬೇಡ. ಅಷ್ಟೇ ಅಲ್ಲ, ಅಲ್ಲಿರುವ ಎರಡು ಟ್ರಾನ್ಸ್‌ಫಾರ್ಮರುಗಳಲ್ಲಿ ದೊಡ್ಡದನ್ನು ಕಿತ್ತು ಹೊಸ ಕ್ರೀಡಾಂಗಣದ ಬಡಾವಣೆಗೆ ತಂದು ಕೂರಿಸಿದರೆ ಭಾರೀ ಉಳಿತಾಯ. ಯಾಕೆಂದರೆ ವಲಯ ಹನ್ನೊಂದರಲ್ಲಿ ದಿನಕ್ಕೆ ಹತ್ತು ಗಂಟೆ ಬೇಡಿಕೆ ಸೊನ್ನೆ.

ಸಾಹೇಬರು ನಿಂತಲ್ಲೇ ಉಬ್ಬಿದರು. “ನೋಡಿ, ಪುಕ್ಕಟೆ ಸಾಮಾನು ಏನು ಚೆನ್ನಾಗಿ ಕೆಲಸ ಮಾಡುತ್ತೆ. ಏಪ್ರಿಲ್ ನಾಲ್ಕಕ್ಕೆ ಯೋಜನಾ ಸಮಿತಿ ಮುಂದೆ ಇದನ್ನೇ ತೋರ್ಸೋಣ.”

ಪಾಠದಮ್ಮ ಮಾತ್ರ ಪರದೆ ನೋಡುತ್ತ ಕೂತಿದ್ದಳು. “ಬೆಳಿಗ್ಗೆ ಆರರಿಂದ ಹನ್ನೊಂದು ಸೊನ್ನೆ. ಎರಡರಿಂದ ಏಳು ಸೊನ್ನೆ. ಅಷ್ಟೊಂದು ಜನ ಒಂದು ಫ್ಯಾನೂ ಹಾಕಲ್ವಾ ಸರ್?”

“ಹಳ್ಳಿ ಕಡೆಯವರು, ಗಾಳಿ ಚೆನ್ನಾಗಿರುತ್ತೆ,” ಎಂದೆ.

ಯಾಕೆ ಹಾಗೆಂದೆನೋ. ಆರರಿಂದ ಹನ್ನೊಂದು ಎಂದು ಅವಳು ಓದಿದಾಗ ಅಕ್ಕನ ದನಿಯೇ ಕೇಳಿದ ಹಾಗಾಯಿತು.

ಮಾರ್ಚ್ 20, ಗುರುವಾರ

ತಲೆನೋವು. ರಜೆ.

ಮಾರ್ಚ್ 21, ಶುಕ್ರವಾರ

ಸುಮ್ಮನೆ ಕುತೂಹಲಕ್ಕೆ ದಾಖಲೆ ಕೋಣೆಗೆ ಹೋದೆ. ಬೇರೇನೂ ಇಲ್ಲ. ಸೀನುತ್ತ ಹುಡುಕಿ ಹತ್ತೊಂಬತ್ತು ವರ್ಷ ಹಿಂದಿನ ವಲಯ ಹನ್ನೊಂದರ ಲಾಗ್ ಪುಸ್ತಕ ತೆಗೆದೆ. ಸಬ್‌ಸ್ಟೇಷನ್ನಿನ ಆಪರೇಟರ್ ಗಂಟೆಗೊಂದು ಸಲ ಮೀಟರ್ ನೋಡಿ ಬರೆಯುವ ಪುಸ್ತಕ ಅದು.

ಆರು ಗಂಟೆ: ಒಂದು ಗೆರೆ. ಏಳು ಗಂಟೆ: ಗೆರೆ. ಹತ್ತರವರೆಗೂ ಗೆರೆಯೇ. ಕರೆಂಟು ನಾವೇ ತೆಗೆದಿದ್ದೆವು, ಮೀಟರಿನಲ್ಲಿ ನೋಡಲು ಏನೂ ಇರಲಿಲ್ಲ, ಪಾಪದ ಮನುಷ್ಯ ಸ್ಕೇಲ್ ಇಟ್ಟು ಅಂದವಾಗಿ ಗೆರೆ ಎಳೆದಿದ್ದಾನೆ.

ಎಲ್ಲ ನೆನಪಾಯಿತು. ಆಗಷ್ಟೇ ಬಂದಿದ್ದ ಕೀಲಿಯ ತಂತ್ರಾಂಶಕ್ಕೆ ಅಂಕಿಗಳನ್ನು ತುಂಬಲು ನನಗೆ ಹದಿನೈದು ದಿನ ಕೊಟ್ಟಿದ್ದರು. ಗೆರೆ ಒತ್ತಿದರೆ ಅದು ಕೊಂಯ್ ಎಂದು ಕೆಂಪಗಾಗುತ್ತಿತ್ತು. ಸೊನ್ನೆ ಒತ್ತಿದೆ, ಹಸಿರಾಯಿತು. ಊಟದ ಹೊತ್ತಾಗಿತ್ತು. ಎಲ್ಲ ಗೆರೆಗಳನ್ನೂ ಸೊನ್ನೆ ಮಾಡಿ ಊಟಕ್ಕೆ ಹೋದೆ. ಒಂಬತ್ತೇ ದಿನದಲ್ಲಿ ಮುಗಿಸಿದೆ ಎಂದು ಪ್ರಶಂಸಾಪತ್ರ ಕೊಟ್ಟರು. ಕೀಲಿಯನ್ನೂ ಆಗಲೇ ಕೊಟ್ಟದ್ದು.

ಅಲ್ಲಿಂದ ಮುಂದೆ ಆ ಅಂಕಿಗಳಿಗೆ ವರ್ಷಕ್ಕೆ ಶೇಕಡಾ ನಾಲ್ಕು ಏರಿಕೆ ಸೇರಿಸುತ್ತ ಬಂದಿದ್ದೇವೆ. ಸೊನ್ನೆಗೆ ಹತ್ತೊಂಬತ್ತು ವರ್ಷ ಶೇಕಡಾ ನಾಲ್ಕು ಸೇರಿಸಿದರೂ ಅದು ಸೊನ್ನೆಯೇ. ಕರೆಂಟು ತೆಗೆದದ್ದು ನಾವು, ಕರೆಂಟಿಲ್ಲದಾಗ ಬಳಸಲಿಲ್ಲ, ಹಾಗಾಗಿ ಅವರಿಗೆ ಬೇಡ ಎಂದು ತೀರ್ಮಾನಿಸಿದ್ದೂ ನಾವು. ಎದುರಿಗಿದ್ದವನ ತಟ್ಟೆ ಕಿತ್ತುಕೊಂಡು ಇವನಿಗೆ ಹಸಿವಿಲ್ಲ ಎಂದು ಬರೆದುಕೊಂಡ ಹಾಗೆ.

ನಾವು ಎಂದು ಬರೆದಿದ್ದೇನೆ. ಇರಲಿ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಮೂಲ ಎಂಬ ಕಾಲಮ್ಮಿನಲ್ಲಿ ‘ಸಬ್‌ಸ್ಟೇಷನ್ ಲಾಗ್ ಪುಸ್ತಕ’ ಎಂದು ಹಾಕಿದೆ. ತಪ್ಪು ಆಪರೇಟರನ ತಲೆಗೆ ಹೋಗುತ್ತದೆ, ಅವನು ನಿವೃತ್ತನಾಗಿ ಎಷ್ಟು ಕಾಲವಾಯಿತೋ. ಹತ್ತಕ್ಕೆ ಬಂದ ಪಾಠದಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದಳು: “ಏಳೂವರೆಗೆ ಬಂದಿದ್ರಾ ಸರ್?”

ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರು ಎಂಬುದನ್ನೆಲ್ಲ ಈ ವ್ಯವಸ್ಥೆ ಬರೆದಿಟ್ಟುಕೊಳ್ಳುತ್ತದಂತೆ. ಅತ್ತೆ ಮನೆಯಲ್ಲೂ ಇಷ್ಟು ಕಾವಲು ಇರುವುದಿಲ್ಲ.

ಸುಳ್ಳು ಹೇಳಲು ಬಾಯಿ ತೆರೆದೆ. ಬಂದದ್ದು ನಿಜ. ಗೆರೆ, ಸೊನ್ನೆ, ಊಟದ ಹೊತ್ತು, ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಅದೇ ಹಿಂಸೆ.

“ಗೆರೆ ಅಂದ್ರೆ ಏನು ಸರ್?”

“ಗೊತ್ತಿಲ್ಲ ಅಂತ.”

“ಸೊನ್ನೆ ಅಂದ್ರೆ?”

“ಇಲ್ಲ ಅಂತ.”

“ಮತ್ತೆ ಇನ್ನೇನು ಹೇಳ್ಲಿ ನಾನು,” ಎಂದಳು. ಆಮೇಲೆ ತಾವೇ ಎದ್ದು ಹೋಗಿ ಎರಡು ಲೋಟ ಚಹಾ ತಂದರು. “ಸೊನ್ನೆ ತೆಗೀಬಹುದು. ಆದ್ರೆ ಆ ಜಾಗಕ್ಕೆ ಏನಾದ್ರೂ ಆಧಾರ ಬೇಕು. ಕರೆಂಟ್ ಹೋದಾಗ ಅಲ್ಲಿಯ ಜನಕ್ಕೆ ಎಷ್ಟು ಬೇಕಾಗಿತ್ತು ಅಂತ ಯಾರಾದ್ರೂ ಬರ್ದಿಟ್ಟಿರ್ತಾರಾ?”

ಯಾರು ಬರೆದಿಡುತ್ತಾರೆ, ಹುಚ್ಚರಾ ಎಂದು ಹೇಳಿ ಮನೆಗೆ ಬಂದೆ.

ಮಾರ್ಚ್ 29, ಶನಿವಾರ

ಹಿಟ್ಟು ಮುಗಿದಿತ್ತು, ಅಕ್ಕನ ಊರಿಗೆ ಹೋಗಿ ಬಂದೆ. ಪಕ್ಕದ ಬೀದಿಯಲ್ಲೇ ಹಿಟ್ಟು ಸಿಗುತ್ತದಲ್ಲ ಎಂದು ಹೆಂಡತಿ ಕೇಳಿದಳು. ತಾಜಾ ಇರುವುದಿಲ್ಲ ಎಂದೆ.

ನಾನು ಬಸ್ಸಿಳಿದಾಗ ಹತ್ತು ಗಂಟೆ. ಕರೆಂಟು ಇರಲಿಲ್ಲ. ಗಿರಣಿಯ ಮೆಟ್ಟಿಲಿನಿಂದ ರಸ್ತೆಯ ತಿರುವಿನವರೆಗೆ ಡಬ್ಬಿಗಳ ಸಾಲು. ತಗಡಿನವು, ಪ್ಲಾಸ್ಟಿಕ್ಕಿನವು, ಮುಚ್ಚಳ ಕಳೆದು ಬಟ್ಟೆ ಕಟ್ಟಿದವು. ಜನ ಇರಲಿಲ್ಲ. ಡಬ್ಬಿ ಇಟ್ಟು ಬೇರೆ ಕೆಲಸಕ್ಕೆ ಹೋಗಿದ್ದರು, ಸರದಿ ಕಾಯುತ್ತಿದ್ದದ್ದು ಡಬ್ಬಿಗಳೇ. ಎಣಿಸಿದೆ. ಮೂವತ್ತೊಂದು.

ಅಕ್ಕ ತಣ್ಣಗಿದ್ದ ಮಷಿನ್ನಿನ ಪಕ್ಕ ಕಾಲು ಚಾಚಿ ಕೂತಿದ್ದಳು. ಹುಬ್ಬಿನ ಮೇಲೂ ಹಿಟ್ಟು. ನನ್ನ ನೋಡಿ “ಯಾಕೋ, ಇಳಿದು ಹೋಗಿದೀಯಾ,” ಎಂದಳು. ಪುಸ್ತಕ ಕೇಳಿದೆ. ಒಂದಲ್ಲ, ಒಂಬತ್ತು ವರ್ಷದ ಹದಿನಾಲ್ಕು ಪುಸ್ತಕ ತಂದು ಮುಂದಿಟ್ಟಳು. ನಾನೂ ಹೇಳಬೇಕಾದದ್ದನ್ನು ಹೇಳಿದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಕಿತ್ತುಕೊಂಡು ಹೋಗುವ ಮಾತೂ ಹೇಳಿದೆ. ಅದು ಹೋದರೆ ಉಳಿದ ಚಿಕ್ಕದರಲ್ಲಿ ಗಿರಣಿ ಮಷಿನ್ನು ತಿರುಗುವುದಿಲ್ಲ, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವಳು ಜರಡಿಯನ್ನು ಮಷಿನ್ನಿನ ಅಂಚಿಗೆ ಬಡಿದು ಹಿಟ್ಟು ಉದುರಿಸಿದಳು.

“ಅಂದ್ರೆ ದಿನಾ ಬೆಳಿಗ್ಗೆ ಹೊತ್ತು ನಾನು ಇಲ್ಲಿ ಇಲ್ಲ ಅಂತ ಬರ್ದಿದೀಯಾ.”

“ನಿನ್ನನ್ನ ಅಂತಲ್ಲ ಅಕ್ಕ, ಇಡೀ ವಲಯ...”

“ನಾನು ಇರೋದು ಅದ್ರಲ್ಲೇ ಅಲ್ವೇನೋ.”

ಹನ್ನೊಂದು ಹತ್ತಕ್ಕೆ ಕರೆಂಟು ಬಂತು. ಮಷಿನ್ನು ತಿರುಗಿತು, ಬೀದಿಯ ನಾಲ್ಕೂ ಕಡೆಯಿಂದ ಜನ ಓಡಿ ಬಂದರು, ಎದುರಿನ ವೆಲ್ಡಿಂಗ್ ಅಂಗಡಿ ಕಿಡಿ ಹಾರಿಸಿತು, ಮೇಲಿನ ಮನೆಯ ನೀರಿನ ಪಂಪು ಕೂಗಿತು. ಎರಡು ನಿಮಿಷದಲ್ಲಿ ಬಲ್ಬು ಮಂಕಾಯಿತು. ಅಕ್ಕ ನನ್ನ ಕಡೆ ನೋಡದೆ ಮೊದಲ ಡಬ್ಬಿ ಎತ್ತಿ ಸುರಿದಳು. ಹೊರಡುವಾಗ ಹದಿನಾಲ್ಕೂ ಪುಸ್ತಕಗಳನ್ನು ಹಿಟ್ಟಿನ ಚೀಲದಲ್ಲಿ ಹಾಕಿ ಕೊಟ್ಟಳು. ಹಿಟ್ಟು ಕೊಡಲಿಲ್ಲ.

ಏಪ್ರಿಲ್ 1, ಮಂಗಳವಾರ

ಎರಡು ದಿನದಿಂದ ಪಾಠದಮ್ಮನವರೂ ನಾನೂ ಅಕ್ಕನ ಅಕ್ಷರ ಬಿಡಿಸುತ್ತಿದ್ದೇವೆ. ನಾನು ಓದುತ್ತೇನೆ, ಅವರು ಒತ್ತುತ್ತಾರೆ. ಮೇಜೆಲ್ಲ ಹಿಟ್ಟು.

ಒಂದು ಗಿರಣಿ ಅಂದರೆ ಇಡೀ ಊರಲ್ಲ, ಆದರೆ ಸೊನ್ನೆ ಸುಳ್ಳು ಎಂದು ಹೇಳಲು ಇದು ಧಾರಾಳ ಸಾಕು ಎಂದರು. ಸಬ್‌ಸ್ಟೇಷನ್ ಮೀಟರಿನಲ್ಲೂ ಕರೆಂಟು ಬಂದ ಮೊದಲ ಗಂಟೆ ಬಳಕೆ ಜಿಗಿಯುತ್ತದೆ. ಎಷ್ಟು ಡಬ್ಬಿ ಕಾದಿದ್ದವೋ ಅಷ್ಟೇ ಜೋರಾಗಿ ಜಿಗಿದಿದೆ. ಒಂಬತ್ತು ವರ್ಷವೂ ಹಾಗೇ. ಪಾಠದಮ್ಮನವರು ಡಬ್ಬಿಯದ್ದು, ಮೀಟರಿನದ್ದು, ಎರಡೂ ಏರಿಳಿತದ ಗೆರೆಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು ತೋರಿಸಿದರು. ನಾನು ಕನ್ನಡಕ ಒರೆಸಿಕೊಂಡೆ. ಹಿಟ್ಟಿನ ಧೂಳು.

ಹೊಸ ಅಂದಾಜು ಹಾಕಿ ಓಡಿಸಿದೆವು. ಟ್ರಾನ್ಸ್‌ಫಾರ್ಮರ್ ಕೀಳುವ ಮಾತೇ ಇಲ್ಲ, ಇನ್ನೊಂದು ಬೇಕು ಎಂದು ಬಂತು.

ಸಾಹೇಬರು ಮೂಲ ಎಂಬ ಕಾಲಂ ಓದಿದರು. “ಹಿಟ್ಟಿನ ಗಿರಣಿ? ರೀ, ಸಮಿತಿ ಮುಂದೆ ನನ್ನ ಮಾನ ಹರಾಜು ಹಾಕ್ತೀರಾ? ಮೊದಲಿನದ್ದೇ ತೋರ್ಸಿ. ಆ ಕಾಲಂ ಮರೆ ಮಾಡಿ.”

“ಸರಿ ಸರ್,” ಎಂದೆ. ಮೂವತ್ತೆರಡು ವರ್ಷದಿಂದ ಹೇಳುತ್ತ ಬಂದದ್ದು, ತಾನಾಗಿ ಬರುತ್ತದೆ.

ಏಪ್ರಿಲ್ 4, ಶುಕ್ರವಾರ

ಸಮಿತಿಯ ಹನ್ನೆರಡು ಜನ, ಹನ್ನೆರಡು ನೀರಿನ ಬಾಟಲಿ. ಸಾಹೇಬರು ಹಳೆಯ ಫಲಿತಾಂಶ ತೋರಿಸಿದರು. ಉಳಿತಾಯ ಎಂಬ ಪದ ಎಂಟು ಸಲ ಬಂತು, ಎಣಿಸಿದೆ. ಅಧ್ಯಕ್ಷರು ತಲೆದೂಗಿ, ಯಾರದ್ದಾದರೂ ಪ್ರಶ್ನೆ ಇದೆಯೇ ಎಂದರು. ಇರಲಿಲ್ಲ. ಬಿಸ್ಕತ್ತಿನ ತಟ್ಟೆ ಒಳಗೆ ಬಂದಿತ್ತು.

ಲ್ಯಾಪ್‌ಟಾಪ್ ಇದ್ದದ್ದು ನನ್ನ ಮುಂದೆ. ಮರೆ ಮಾಡಿದ ಕಾಲಂ ತೆರೆಯಲು ಒಂದೇ ಗುಂಡಿ. ಬೆರಳು ತಾಗಿತೆಂದು ಹೇಳಿದರೂ ನಡೆಯುತ್ತಿತ್ತು. ಆದರೆ ನಾನು ಎದ್ದು ನಿಂತು ತೆರೆದೆ.

ವಲಯ ಹನ್ನೊಂದು, ಬೆಳಿಗ್ಗೆ ಆರು ಗಂಟೆ, ಬೇಡಿಕೆ ಸೊನ್ನೆ. ಮೂಲ: ನನ್ನ ಪೂರ್ತಿ ಹೆಸರು, ಹುದ್ದೆ. ಕೆಳಗೆ: ಲಾಗ್ ಪುಸ್ತಕದಲ್ಲಿ ಗೆರೆ ಇತ್ತು, ತಂತ್ರಾಂಶ ಗೆರೆ ತೆಗೆದುಕೊಳ್ಳಲಿಲ್ಲ, ಊಟದ ಹೊತ್ತಾಗಿತ್ತು.

ಬೆಳಿಗ್ಗೆಯೇ ‘ಲಾಗ್ ಪುಸ್ತಕ’ ಎಂದಿದ್ದದ್ದನ್ನು ಅಳಿಸಿ ಇದನ್ನು ತುಂಬಿಸಿದ್ದೆ. ಕಾಲಂ ಖಾಲಿ ಬಿಟ್ಟರೆ ಅದು ಒಪ್ಪುವುದಿಲ್ಲ, ಅಷ್ಟಕ್ಕೇ.

ಅಧ್ಯಕ್ಷರು ಎರಡು ಸಲ ಓದಿದರು. “ಇದು ತಮಾಷೆನಾ?”

“ಹತ್ತೊಂಬತ್ತು ವರ್ಷ ತಮಾಷೆ ಆಯ್ತು ಸರ್. ಅದು ಬೇಡಿಕೆ ಅಲ್ಲ, ನನ್ನ ಸೋಮಾರಿತನ. ನಿಜವಾದದ್ದು ಪಕ್ಕದ ಹಾಳೆಯಲ್ಲಿದೆ. ಹಿಟ್ಟಿನ ಗಿರಣಿಯದ್ದು. ನಗೋದಿದ್ರೆ ನಕ್ಕುಬಿಡಿ, ಆಮೇಲೆ ನೋಡಿ.”

ಕೆಲವರು ನಕ್ಕರು. ಪಾಠದಮ್ಮನವರು ಪಕ್ಕದ ಹಾಳೆ ತೆರೆದರು. ಆಮೇಲೆ ಯಾರೂ ನಗಲಿಲ್ಲ, ಬಿಸ್ಕತ್ತನ್ನೂ ಮುಟ್ಟಲಿಲ್ಲ.

ಏಪ್ರಿಲ್ 9, ಬುಧವಾರ

ಎರಡು ಆದೇಶ ಬಂದವು. ಒಂದು: ವಲಯ ಹನ್ನೊಂದರ ಟ್ರಾನ್ಸ್‌ಫಾರ್ಮರನ್ನು ಮುಟ್ಟಕೂಡದು. ಒಂದು ವರ್ಷ ನಿಜವಾದ ಬೇಡಿಕೆ ಅಳೆದು ಆಮೇಲೆ ತೀರ್ಮಾನ. ಎರಡು: ಅಳೆಯುವ ಕೆಲಸಕ್ಕೆ ನನ್ನನ್ನು ಅಲ್ಲಿಯ ಸಬ್‌ಸ್ಟೇಷನ್ನಿಗೆ ವರ್ಗ ಮಾಡಿದೆ. ಪ್ರಶಂಸಾಪತ್ರವನ್ನು ಹಿಂದಕ್ಕೆ ಪಡೆಯಲಾಗಿದೆ.

“ಲಾಗ್ ಪುಸ್ತಕ ಬರೀತಾ ಕೂತ್ಕೊಳ್ಳಿ, ಅಷ್ಟು ಇಷ್ಟ ಇದ್ರೆ,” ಎಂದರು ಸಾಹೇಬರು. ಬೀಗದ ಕೈಗಳಿಂದ ಸತ್ತ ಕೀಲಿ ಬಿಡಿಸಿ ಅವರ ಮೇಜಿನ ಮೇಲಿಟ್ಟೆ. ಅದನ್ನು ವಾಪಸು ತೆಗೆದುಕೊಳ್ಳಲು ಯಾವ ಫಾರಂ ಎಂದು ಅವರಿಗೆ ಗೊತ್ತಾಗಲಿಲ್ಲ.

ಪಾಠದಮ್ಮನವರು ಗೇಟಿನವರೆಗೆ ಬಂದರು. “ಆ ಹೆಸರು ಇಟ್ಟವರು ಯಾರು ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು ಸರ್,” ಎಂದರು.

ಏಪ್ರಿಲ್ 21, ಸೋಮವಾರ

ಅಕ್ಕನ ಮನೆಗೆ ಬಂದು ವಾರವಾಯಿತು, ಸಬ್‌ಸ್ಟೇಷನ್ನಿಗೆ ಇವತ್ತು ಹಾಜರಾದೆ. ಅಲ್ಲಿ ಒಂದು ಕುರ್ಚಿ, ಒಂದು ಗೋಡೆ ಗಡಿಯಾರ, ಗುನುಗುಡುವ ಎರಡು ಟ್ರಾನ್ಸ್‌ಫಾರ್ಮರ್. ಈಗಿನ ಆಪರೇಟರನೂ ಸ್ಕೇಲ್ ಇಟ್ಟು ಗೆರೆ ಎಳೆಯುವವನೇ. ಬೆಳಿಗ್ಗೆ ಆರಕ್ಕೆ ಕರೆಂಟು ಹೋಯಿತು. ಅವನು ಸ್ಕೇಲ್ ತೆಗೆದ. ಕೊಡಿ ಇಲ್ಲಿ ಎಂದು ಪುಸ್ತಕ ಎಳೆದುಕೊಂಡೆ.

ಹೆಂಡತಿ ಫೋನ್ ಮಾಡಿ, ಮಾತ್ರೆ ಡಬ್ಬಿ ಇಲ್ಲೇ ಮರೆತು ಹೋಗಿದ್ದೀರಿ, ಒಂದು ವಾರವಾಯಿತು ಎಂದಳು. ಅವಳು ಹೇಳುವವರೆಗೆ ನನಗೆ ನೆನಪೇ ಇರಲಿಲ್ಲ.

ಅಕ್ಕ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಊಟ ಬಡಿಸುತ್ತಾಳೆ, ಮುಖ ಆ ಕಡೆ. ಆದರೂ ಗಂಟೆಗೊಂದು ಸಲ ಫೋನ್ ಮಾಡಿ ಒಂದು ಅಂಕಿ ಹೇಳಿ ಇಟ್ಟುಬಿಡುತ್ತಾಳೆ. ಹತ್ತು ಗಂಟೆಯ ಸಾಲಿನಲ್ಲಿ ಹೀಗೆ ಬರೆದೆ:

ಕರೆಂಟ್ ಇಲ್ಲ. ಬೇಡಿಕೆ ಇದೆ. ಕಾಯುತ್ತಿರುವ ಡಬ್ಬಿ: ಇಪ್ಪತ್ತಮೂರು. ಮೂಲ: ಅಕ್ಕ.

ಶಾಯಿ ಆರುವ ಮೊದಲೇ ಮತ್ತೆ ಫೋನು.

“ಇಪ್ಪತ್ತನಾಲ್ಕು ಮಾಡ್ಕೋ,” ಎಂದಳು. “ಈಗಷ್ಟೇ ಒಂದು ಬಂತು.”

ಇಪ್ಪತ್ತಮೂರನ್ನು ಹೊಡೆದು ಹಾಕಿ ಇಪ್ಪತ್ತನಾಲ್ಕು ಎಂದು ಬರೆದೆ. ತಿದ್ದಿದ ಜಾಗದ ಪಕ್ಕ ನನ್ನ ಸಹಿ ಹಾಕಿದೆ.